ಹೊರಗಿನ ಚಿಲಕ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಹೊಚ್ಚಹೊಸ ಅಡುಗೆಮನೆಯೊಂದನ್ನು ಸುತ್ತಿಗೆಯಿಂದ ಒಡೆಯುತ್ತಿದ್ದರು. ತುಮಕೂರಿನ ಬಟವಾಡಿ ಕಡೆ ಆಗತಾನೆ ಮುಗಿಯುತ್ತಿದ್ದ ಮನೆ ಅದು. ಇಂಟೀರಿಯರ್ ಡಿಸೈನ್ ಡಿಪ್ಲೊಮಾ ಮುಗಿಸಿ ಕೆಲಸ ಕೇಳಿಕೊಂಡು ಅವರ ಪ್ಲೈವುಡ್ ಅಂಗಡಿಗೆ ಹೋಗಿದ್ದೆ. 'ಅಕ್ಕ ಸೈಟಲ್ಲವ್ರೆ, ಅಲ್ಲೇ ಹೋಗಿ' ಎಂದು ಅಂಗಡಿಯವರು ಕಳಿಸಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಂಕಿನ ಕೆಳಗಿನ ಕಪಾಟುಗಳಿಗೆ ಒಂದೊಂದಾಗಿ ಬಾರಿಸುತ್ತಿದ್ದರು. ನೀರು ಬಿದ್ದರೆ ಉಬ್ಬಿಹೋಗುವ ಅಗ್ಗದ ಹಲಗೆಯನ್ನು ಅವರಿಗೆ ಹೇಳದೆ ಅಲ್ಲಿ ಬಳಸಿದ್ದರಂತೆ. ನಾಲ್ಕು ಮಂದಿ ಗಂಡಸರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕೊನೆಯ ಬಾಗಿಲು ಕಿತ್ತು ಬಿದ್ದ ಮೇಲೆ ಅವರು ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು.

"ನೀನ್ಯಾರು?"

"ಇಂಟೀರಿಯರ್ ಡಿಸೈನ್ ಮಾಡಿದೀನಿ ಮೇಡಂ. ಕೆಲಸಕ್ಕೆ…"

"ಎಲ್ಲಿ ಮಾಡಿದೀಯ? ತೋರ್ಸು."

ನಾನು ಫೈಲು ಬಿಚ್ಚಿದೆ.

"ಪೇಪರ್ ಮೇಲಲ್ಲ ಕಣಮ್ಮ. ಯಾರ ಮನೇಲಿ ಮಾಡಿದೀಯ?"

ಯಾರ ಮನೆಯಲ್ಲೂ ಮಾಡಿರಲಿಲ್ಲ. ಹಾಗೆಂದು ಹೇಳಿದೆ.

"ಹಂಗಾದ್ರೆ ಇನ್ನೂ ಮಾಡಿಲ್ಲ ಅನ್ನು. ಆ ಚೂರೆಲ್ಲ ಗುಡ್ಸು."

ಗುಡಿಸಿದೆ. ಅದೇ ನನ್ನ ಇಂಟರ್‌ವ್ಯೂ.

ಹೋದ ತಿಂಗಳು ಕುಣಿಗಲ್ಲಿನಲ್ಲಿ, ತಮ್ಮನ ಮನೆಯಲ್ಲಿ, ಅವರು ತೀರಿಕೊಂಡರು. ತಮ್ಮನ ಮಗಳು ವಾಟ್ಸಾಪಿನಲ್ಲಿ ಹಾಕಿದ ಫೋಟೋದ ಕೆಳಗೆ 'ಶಾಂತ ಸ್ವಭಾವದ ನಮ್ಮ ಅತ್ತೆ' ಎಂದಿತ್ತು. ಅವರ ಬಳಿ ಇಪ್ಪತ್ತು ವರ್ಷ ಬಡಗಿಯಾಗಿದ್ದ ರಾಜಣ್ಣ ಅದನ್ನು ನನಗೆ ಕಳಿಸಿ, ಜೊತೆಗೊಂದು ವಾಯ್ಸ್ ಮೆಸೇಜು ಹಾಕಿದ್ದರು. "ಶಾಂತ ಸ್ವಭಾವ ಅಂತೆ ಕಣಮ್ಮ. ಅಕ್ಕ ಇದನ್ನ ನೋಡಿದ್ರೆ ಎದ್ದು ಬಂದು ಒದ್ಬುಡೋರು." ನಗಲು ಹೋದ ಆ ಮನುಷ್ಯ ಅಲ್ಲೇ ಬಿಕ್ಕಿದ್ದು ಮೆಸೇಜಿನಲ್ಲಿ ಕೇಳಿಸುತ್ತದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೆಲಸದವರೆಲ್ಲ ಅಕ್ಕ ಎನ್ನುತ್ತಿದ್ದರು. ನಾನೂ ಸ್ವಲ್ಪ ದಿನ ಮೇಡಂ ಎಂದು, ಆಮೇಲೆ ಅಕ್ಕ ಎಂದೇ ಕರೆದೆ.

ನಾನು ಸೇರಿದಾಗ ಅವರಿಗೆ ಐವತ್ತರ ಹತ್ತಿರ. ಗಂಡ ಇಟ್ಟಿದ್ದ ಪ್ಲೈವುಡ್ ಅಂಗಡಿ. ಗಂಡ ಕಾಮಾಲೆಯಾಗಿ ತೀರಿಹೋದ ಮೇಲೆ ಅಕ್ಕ ಅಂಗಡಿಯ ಜೊತೆಗೆ ಮನೆಗಳ ಒಳಗಿನ ಮರಗೆಲಸವನ್ನೂ ಹಿಡಿದಿದ್ದರು. ಲಗೇಜ್ ಆಟೋವನ್ನು ತಾವೇ ಓಡಿಸುತ್ತಿದ್ದರು. ಅಡ್ಡ ಬಂದವನು ಬಸ್ಸಿನ ಡ್ರೈವರ್ ಆದರೂ ಸರಿ, ಇಳಿದು ಹೋಗಿ ಅವನ ಬಾಗಿಲು ಬಡಿಯುತ್ತಿದ್ದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ನಾನು ಮಾಡಿಕೊಟ್ಟ ಮೊದಲ ಡ್ರಾಯಿಂಗು ಕ್ಯಾತ್ಸಂದ್ರದ ಒಂದು ಅಡುಗೆಮನೆಯದು. ಕಾಲೇಜಿನಲ್ಲಿ ನನ್ನದೇ ಒಳ್ಳೆಯ ಕೈ ಎಂದು ಮೇಷ್ಟ್ರು ಹೊಗಳಿದ್ದರು. ಆ ಹಮ್ಮಿನಲ್ಲೇ ಕಂಪ್ಯೂಟರಿನಲ್ಲಿ ಬರೆದುಕೊಟ್ಟೆ. ಮೂಲೆ ಎಂದರೆ ತೊಂಬತ್ತು ಡಿಗ್ರಿಯೇ ಇರುತ್ತದೆಂದು ನಂಬಿದ್ದೆ. ಅಳತೆಗೆ ಕೊಯ್ದ ಕಲ್ಲಿನ ಕಟ್ಟೆಯನ್ನು ತಂದು ಇಟ್ಟಾಗ ಗೋಡೆಗೂ ಕಲ್ಲಿಗೂ ನಡುವೆ ಒಂದೂವರೆ ಇಂಚು ಬಾಯಿ ಬಿಟ್ಟಿತ್ತು. ಗೋಡೆ ಸೊಟ್ಟಗಿತ್ತು. ನಾನು ಅದನ್ನು ಮುಟ್ಟಿಯೂ ನೋಡಿರಲಿಲ್ಲ.

ಅಕ್ಕ ಬಂದು ನೋಡಿದರು. ಬೈಗುಳಕ್ಕೆ ಕಾದಿದ್ದೆ. ಬೈಯಲಿಲ್ಲ, ಕಪಾಳಕ್ಕೆ ಹೊಡೆದರು. ಆರು ಜನ ಕೆಲಸಗಾರರ ಮುಂದೆ. ಕಿವಿಯಲ್ಲಿ ಗುಂಯ್ ಅಂದ ಸದ್ದು ಗುಬ್ಬಿಯ ಬಸ್ಸು ಹತ್ತಿ ಮನೆ ಸೇರುವ ತನಕ ಹೋಗಲಿಲ್ಲ. ಅಪ್ಪ ಅಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತರು. ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಕೆನ್ನೆಯ ಬರೆ ನೋಡಿ, "ಹಲ್ಲು ನೋವಾ?" ಎಂದರು. ಹೌದು ಎಂದೆ.

ಮಾರನೆಯ ದಿನ ಹೋಗಬಾರದು ಎಂದುಕೊಂಡೇ ಹೊರಟು, ಹೋದೆ. ಅಕ್ಕ ಅದೇ ಅಡುಗೆಮನೆಯಲ್ಲಿ ಮಂಡಿಯೂರಿ ಕೂತಿದ್ದರು. ಟೇಪಿನ ಒಂದು ತುದಿಯನ್ನು ನನ್ನ ಕಡೆ ಚಾಚಿ, "ಹಿಡ್ಕೊ" ಎಂದರು. ಮೂರು ಗಂಟೆ ಹೊತ್ತು ಆ ಒಂದು ಕೋಣೆಯನ್ನು ಅಳೆದೆವು. ಕೆಳಗೆ ಒಂದಳತೆ, ನಡುವೆ ಒಂದಳತೆ, ಮೇಲೆ ಒಂದಳತೆ. "ಕಂಪ್ಯೂಟರಲ್ಲಿ ಎಲ್ರ ಮನೆ ಗೋಡೆನೂ ನೆಟ್ಟಗಿರ್ತವೆ ಕಣೇ," ಎಂದರು. ಹಿಂದಿನ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ. ಏಟು ತಿಂದು ಕಲಿತೆವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ನೋಡಿದ್ದೇನೆ. ನಾನು ಏಟಿನಿಂದ ಏನೂ ಕಲಿಯಲಿಲ್ಲ. ಅವರು ಟೇಪಿನ ಇನ್ನೊಂದು ತುದಿ ಹಿಡಿದು ಕೂತದ್ದರಿಂದ ಕಲಿತೆ.

ಯಡಿಯೂರಿನಲ್ಲಿ ಒಂದು ಲಾಡ್ಜಿನ ಕೆಲಸ ನಡೆಯುತ್ತಿದ್ದಾಗ ರಾಜಣ್ಣ ಒಂದು ಹಾಳೆ ಹಲಗೆಯನ್ನು ತಪ್ಪಾಗಿ ಕೊಯ್ದರು. ಅದೇ ಕೊನೆಯ ಹಾಳೆ. ಅಕ್ಕನ ಕೈಯಲ್ಲಿ ಉಳಿ ಇತ್ತು. ಎಸೆದದ್ದು ಹಲಗೆಯ ಕಡೆಗೋ ಮನುಷ್ಯನ ಕಡೆಗೋ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಹೋಗಿ ನೆಟ್ಟದ್ದು ರಾಜಣ್ಣನ ತೊಡೆಗೆ. ಪ್ಯಾಂಟು ನೋಡನೋಡುತ್ತಲೇ ಕಪ್ಪಗೆ ಒದ್ದೆಯಾಯಿತು. ಅಕ್ಕ ತಮ್ಮ ಸೆರಗನ್ನೇ ಹರಿದು ತೊಡೆಗೆ ಬಿಗಿದು, ಲಗೇಜ್ ಆಟೋದ ಹಿಂದೆ ಅವರನ್ನು ಮಲಗಿಸಿಕೊಂಡು, ಹಾರನ್ನಿನಿಂದ ಕೈ ತೆಗೆಯದೆ ಕುಣಿಗಲ್ ಆಸ್ಪತ್ರೆಗೆ ಓಡಿಸಿದರು. ಅಕ್ಕನ ಪಕ್ಕ ನಾನು ಕೂತಿದ್ದೆ. ದಾರಿಯುದ್ದಕ್ಕೂ "ಸಾಯ್ಬೇಡ ಕಣೋ, ಸಾಯ್ಬೇಡ ಕಣೋ" ಎಂದು ಬೈಯುವ ದನಿಯಲ್ಲೇ ಹೇಳುತ್ತಿದ್ದರು.

ಎರಡು ದಿನ ಬಿಟ್ಟು ರಾಜಣ್ಣನ ಹೆಂಡತಿ ಅಂಗಡಿಗೆ ಬಂದು, ಬೀದಿಯವರೆಲ್ಲ ಸೇರುವಂತೆ ಅಕ್ಕನನ್ನು ಬೈದರು. "ಮನುಷ್ಯರನ್ನ ಏನಂದ್ಕಂಡಿದೀಯ? ಮೊಳೆನಾ, ಸುತ್ತಿಗೇಲಿ ಹೊಡೀಯಕ್ಕೆ?" ಅಕ್ಕ ತಲೆ ತಗ್ಗಿಸಿ ನಿಂತು ಕೊನೆಯವರೆಗೂ ಕೇಳಿಸಿಕೊಂಡರು. ಆದರೆ ಕ್ಷಮಿಸಿ ಎನ್ನುವ ಮಾತು ಅವರ ಬಾಯಿಂದ ಬರಲಿಲ್ಲ.

ಅವರ ಸಿಟ್ಟಿಗೆ ಊರವರು ಒಬ್ಬೊಬ್ಬರು ಒಂದೊಂದು ಕತೆ ಕಟ್ಟಿದ್ದರು. ಗಂಡ ಹೊಡೆಯುತ್ತಿದ್ದನಂತೆ, ಅಪ್ಪ ಕುಡುಕನಂತೆ. ಒಂದು ದಿನ ಕುಣಿಗಲ್ಲಿನ ಕುದುರೆ ಫಾರಂ ಬೇಲಿಯ ಬಳಿ ಎಳನೀರು ಕುಡಿಯುತ್ತಾ ನಾನೇ ಧೈರ್ಯ ಮಾಡಿ ಕೇಳಿದೆ.

"ಯಾವನ್ ಹೇಳ್ದೋನು?" ಎಂದರು. "ನನ್ ಗಂಡ ಇರುವೆ ಕಂಡ್ರೆ ದಾಟ್ಕಂಡು ಹೋಗೋನು. ನಮ್ಮಪ್ಪ ನಂಗೆ ಒಂದೇಟು ಹೊಡ್ದಿಲ್ಲ. ಕಾರಣ ಗೀರಣ ಏನಿಲ್ಲ ಬುಡು. ಕೆಲವ್ರಿಗೆ ಶುಗರ್ ಇರ್ತದೆ, ನಂಗೆ ಸಿಟ್ಟು."

ಎರಡನೆಯ ವರ್ಷ ಅವರು ನನಗೆ ಒಂದು ಮನೆಯನ್ನು ಪೂರ್ತಿಯಾಗಿ ಒಪ್ಪಿಸಿದರು. ಗುಬ್ಬಿಯಲ್ಲಿ, ಊರ ಹೊರಗೆ, ಎರಡು ಮಹಡಿಯ ಹೊಸ ಮನೆ. ಬಿದರೆಹಳ್ಳಿ ಕಾವಲ್ ಕಡೆ ಕಾರ್ಖಾನೆ ಬಂದ ಮೇಲೆ ಆ ರಸ್ತೆಯಲ್ಲಿ ಅಂಥ ಮನೆಗಳು ಹೆಚ್ಚಿದ್ದವು. ಅಕ್ಕನಿಗೆ ಯಡಿಯೂರಿನ ಲಾಡ್ಜೇ ಸಾಕಾಗಿತ್ತು. "ನಿಮ್ಮೂರೇ ತಾನೆ, ನೀನೇ ನೋಡ್ಕೊ. ಡ್ರಾಯಿಂಗ್ ಮೇಲೆ ನಿನ್ನದೇ ರುಜು ಹಾಕು," ಎಂದರು. ರಫ್ ಹಾಳೆಯ ಮೇಲೆ ಎರಡು ಸಲ ಬರೆದು ನೋಡಿ, ಖುಷಿಯಿಂದ ಆ ರುಜು ಹಾಕಿದೆ.

ಆ ಮನೆಯ ಯಜಮಾನನಿಗೆ ಲಾರಿಗಳಿದ್ದವು. ವಯಸ್ಸು ನಲವತ್ತರ ಆಸುಪಾಸು. ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ. ಏನೇ ಹೇಳಲಿ, ಮೆತ್ತಗೆ ಹೇಳುತ್ತಿದ್ದ. ಕೆಲಸಗಾರರಿಗೆ ತಾನೇ ಕಾಫಿ ತಂದುಕೊಡುತ್ತಿದ್ದ. ನಾನು ಬಂದರೆ ಎದ್ದು ನಿಂತು, "ಬನ್ನಿ ಡಿಸೈನರ್ ಮೇಡಂ" ಎನ್ನುತ್ತಿದ್ದ. ಸುತ್ತಿಗೆ ಎತ್ತುವ ಅಕ್ಕನ ಕೆಳಗೆ ಒಂದೂವರೆ ವರ್ಷ ಕಳೆದಿದ್ದ ನನಗೆ ಇಂಥ ಮನುಷ್ಯರೂ ಇರುತ್ತಾರಲ್ಲ ಅನ್ನಿಸುತ್ತಿತ್ತು.

ಮೇಲಿನ ಮಹಡಿಯ ಹಿಂದಿನ ಕೋಣೆಯ ಬಗ್ಗೆ ಅವನು ವಿವರವಾಗಿ ಹೇಳಿದ. "ನಮ್ಮ ತಾಯಿಗೆ ಮರೆವಿನ ಕಾಯ್ಲೆ ಮೇಡಂ. ಎದ್ದು ಎಲ್ಲೆಲ್ಲೋ ಹೋಗ್ಬಿಡ್ತಾರೆ. ಚಿಲಕ ಹೊರಗಡೆ ಇರ್ಲಿ. ಒಳಗೆ ಬೇಡ, ಹಾಕ್ಕೊಂಡ್ರೆ ಕಷ್ಟ. ಬಾಗಿಲಲ್ಲಿ ಒಂದು ಚಿಕ್ಕ ಕಿಂಡಿ ಇಡಿ, ನಾವು ಆಗಾಗ ನೋಡ್ಬೋದು." ಕಿಟಕಿಗೆ ತೆರೆಯದ ಮಬ್ಬು ಗಾಜು. ಕನ್ನಡಿ ಬೇಡ. ಸೀಲಿಂಗಿನಲ್ಲಿ ಫ್ಯಾನಿನ ಹುಕ್ಕು ಬೇಡ.

ವಯಸ್ಸಾದವರ ಕೋಣೆ ಹೇಗಿರಬೇಕೆಂದು ಕಾಲೇಜಿನಲ್ಲಿ ಓದಿದ್ದೆ. ಬಾಗಿಲು ಹೊರಕ್ಕೆ ತೆರೆಯುವಂತೆ ಬರೆದೆ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ತೆಗೆಯಬಹುದು ಎಂದು. ಭಾರಕ್ಕೆಂದು ನಾಲ್ಕು ಕೀಲು ಕೊಟ್ಟೆ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕೋಣ ಎಂದಾಗ ಮಾತ್ರ ಅವನು ನಕ್ಕ. "ಅದೆಲ್ಲ ಬೇಡ ಬಿಡಿ."

ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಅವನ ತಾಯಿಯೇ ಎಲ್ಲರಿಗೂ ಎಲೆ ಹಾಕಿಸುತ್ತಾ ಓಡಾಡುತ್ತಿದ್ದರು. "ನೀನು ಹೈಸ್ಕೂಲ್ ಗುಮಾಸ್ತರ ಮಗಳಲ್ವಾ? ನಿಮ್ಮಜ್ಜಿ ನಂಗೆ ಚೆನ್ನಾಗಿ ಗೊತ್ತು," ಎಂದು ಅಜ್ಜಿಯ ಹೆಸರು, ಅಜ್ಜಿ ತೀರಿಕೊಂಡ ತಿಂಗಳು ಎಲ್ಲ ಹೇಳಿದರು. ಮರೆವಿನ ಸುಳಿವೂ ಇರಲಿಲ್ಲ. ಮನೆಯ ಸೊಸೆ ಎಲ್ಲೂ ಕಾಣಲಿಲ್ಲ, ಹುಷಾರಿಲ್ಲ ಎಂದರು. ಹಾಗಾದರೆ ಆ ಕೋಣೆ ಯಾರಿಗೆ ಎಂಬ ಪ್ರಶ್ನೆ ಬಂತು. ಕೋಸಂಬರಿ ತಿನ್ನುತ್ತಾ ಅದನ್ನು ನುಂಗಿಕೊಂಡೆ. ಅದು ನನ್ನ ಮೊದಲ ಮನೆ, ಎಲ್ಲರೂ ಹೊಗಳುತ್ತಿದ್ದರು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಆ ಮನೆಯ ಫೋಟೋಗಳನ್ನು ಅಕ್ಕನಿಗೆ ತೋರಿಸುತ್ತಿದ್ದೆ. ಹಜಾರ, ಅಡುಗೆಮನೆ, ದೇವರಮನೆ. "ಪರ್ವಾಗಿಲ್ಲ, ಕೈ ಕುದುರೈತೆ" ಎಂದರು. ಆಮೇಲೆ ಆ ಬಾಗಿಲಿನ ಫೋಟೋ ಬಂತು. ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಚಿಲಕ ಯಾಕೆ ಈ ಕಡೆ ಐತೆ?"

ಹೇಳಿದೆ.

"ಬಚ್ಚಲಲ್ಲಿ ಕೈಹಿಡಿ ಹಾಕಿದೀಯ ಮುದುಕಿಗೆ?"

"ಬೇಡ ಅಂದ್ರು."

"ಹುಕ್ಕು?"

"ಅದೂ ಬೇಡ ಅಂದ್ರು."

"ಯಾಕೆ ಅಂತ ಕೇಳಿದ್ಯಾ? ಕಾಲು ಜಾರಿ ಬೀಳೋ ಮುದುಕಿಗೆ ಕೈಹಿಡಿ ಬೇಡ್ವಂತೆ. ಹುಕ್ಕು ಮಾತ್ರ ಇರ್ಬಾರ್ದಂತೆ. ಮುದುಕಿ ನೇಣು ಹಾಕ್ಕತಾಳೇನೇ?"

ಆಗ ಗೃಹಪ್ರವೇಶದ ದಿನದ ಸಂಗತಿ ಹೇಳಿದೆ. ಅಕ್ಕ ಈ ಸಲ ಹೊಡೆಯಲಿಲ್ಲ, ಕೂಗಲೂ ಇಲ್ಲ. ಸುಮ್ಮನೆ ನನ್ನ ಮುಖ ನೋಡಿದರು. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದು ಅದೊಂದೇ ಸಲ.

ಪೊಲೀಸರಿಗೆ ಹೇಳೋಣ ಎಂದೆ. "ಏನಂತ ಹೇಳ್ತೀಯ? ಬಾಗ್ಲು ಇಂಗೈತೆ ಅಂತನಾ? ಮೊದ್ಲು ಒಳಗೆ ಯಾರವ್ರೆ ನೋಡನ," ಎಂದರು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಲಗೇಜ್ ಆಟೋದಲ್ಲಿ ಮೂವರೂ ಹೋದೆವು: ಅಕ್ಕ, ರಾಜಣ್ಣ, ನಾನು. ಬಾಗಿಲು ತೆಗೆದದ್ದು ತಾಯಿ. ಮಗ ತುಮಕೂರಿಗೆ ಹೊರಟಿದ್ದಾನೆ ಎಂದರು. ಪಾಲಿಶ್ ನೋಡಬೇಕು ಎಂದು ಹೇಳಿ ಅಕ್ಕ ಸೀದಾ ಮಹಡಿ ಹತ್ತಿದರು. "ಆ ರೂಮ್ ಬೇಡ, ಆ ರೂಮ್ ಬೇಡ" ಎನ್ನುತ್ತಾ ಮುದುಕಿ ಹಿಂದೆಯೇ ಬಂದರು. ನಾನು ಕೊಟ್ಟ ಚಿಲಕಕ್ಕೆ ಈಗ ಒಂದು ದೊಡ್ಡ ಬೀಗವೂ ಬಿದ್ದಿತ್ತು.

ಅಕ್ಕ ಕಿಂಡಿ ಸರಿಸಿದರು. ಒಳಗಿನಿಂದ ಒಂದು ಕೆಟ್ಟ ವಾಸನೆ ಬಂತು. ಆಮೇಲೆ ಒಂದು ಹೆಣ್ಣುದನಿ: "ಯಾರು?"

ಅಕ್ಕ ಹೇಳಿದರು: "ಬಾಗ್ಲು ಮಾಡ್ದೋರು ಕಣವ್ವ."

ಒಳಗಿದ್ದದ್ದು ಆ ಮನೆಯ ಸೊಸೆ. ಮದುವೆಗೆ ಮುಂಚೆ ನರ್ಸ್ ಆಗಿದ್ದವಳು. ಮತ್ತೆ ಕೆಲಸಕ್ಕೆ ಹೋಗುತ್ತೇನೆ ಎಂದದ್ದು ಅವಳ ತಪ್ಪು. ಎರಡು ಸಲ ಹಾಗಲವಾಡಿಯ ತನ್ನ ಅಕ್ಕನ ಮನೆಗೆ ತಪ್ಪಿಸಿಕೊಂಡು ಹೋಗಿದ್ದಳು. ಎರಡು ಸಲವೂ ಗಂಡ ಹೋಗಿ ನಯವಾಗಿ ಮಾತಾಡಿ ಕರೆದುಕೊಂಡು ಬಂದಿದ್ದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಗೊತ್ತಾದದ್ದು ಕಿಂಡಿಯಲ್ಲಿ ಕಂಡ ಒಂದು ಕಣ್ಣು ಮಾತ್ರ. ಇನ್ನೊಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಬೀಗದ ಕೈ ಕೊಡಿ," ಎಂದರು ಅಕ್ಕ.

"ಅವ್ನತ್ರ ಐತೆ. ನನ್ ಮಗ ಒಳ್ಳೇವ್ನು ಕಣಮ್ಮ, ಹೊತ್ತೊತ್ತಿಗೆ ಊಟ ಕೊಡ್ತಾನೆ," ಎಂದರು ತಾಯಿ. ಹೇಳುತ್ತಲೇ ಫೋನು ಹಿಡಿದು ಕೆಳಗೆ ಇಳಿದು ಹೋದರು.

ರಾಜಣ್ಣ ಬೀಗಕ್ಕೆ ಕಬ್ಬಿಣದ ಸಲಾಕೆ ಕೊಟ್ಟು ಎಬ್ಬಿಸಲು ನೋಡಿದರು. ಅಲ್ಲಾಡಲಿಲ್ಲ. ನಮ್ಮ ಕೆಲಸ ಗಟ್ಟಿ ಎಂದು ಊರೆಲ್ಲ ಹೆಸರಿತ್ತು; ಈಗ ಅದೇ ನಮಗೆ ಅಡ್ಡ ನಿಂತಿತ್ತು. ಬಾಗಿಲು ಹೊರಕ್ಕೆ ತೆರೆಯುವಂಥದ್ದಾದ್ದರಿಂದ ಕೀಲುಗಳು ನಮ್ಮ ಕಡೆಗೇ ಇದ್ದವು. ಕೀಲಿನ ಮೊಳೆಗಳನ್ನು ಕೆಳಗಿನಿಂದ ಬಡಿದು ಎಬ್ಬಿಸಿದರೆ ಬಾಗಿಲು ಆ ಬದಿಯಿಂದ ಬಿಡುತ್ತಿತ್ತು. ರಾಜಣ್ಣ ಎರಡು ಮೊಳೆ ಎಬ್ಬಿಸುವ ಹೊತ್ತಿಗೆ ಕೆಳಗೆ ಕಾರು ನಿಂತ ಸದ್ದಾಯಿತು. ಅವನು ಊರು ದಾಟಿಯೇ ಇರಲಿಲ್ಲ.

ಅವನ ಜೊತೆ ಇಬ್ಬರು ಲಾರಿ ಡ್ರೈವರುಗಳಿದ್ದರು. ಮೆಟ್ಟಿಲು ಹತ್ತಿ ಬಂದವನು ಆಗಲೂ ದನಿ ಏರಿಸಲಿಲ್ಲ. "ಏನಕ್ಕ ಇದು? ಹೊಸ ಮನೆ. ಬಾಗಿಲು ಹಾಳ್ಮಾಡ್ತಿದೀರಲ್ಲ," ಎಂದ. ನನ್ನ ಕಡೆ ನೋಡಿ, "ಡಿಸೈನರ್ ಮೇಡಂ, ನೀವಾದ್ರೂ ಹೇಳ್ಬಾರ್ದಾ?" ಎಂದ. ಹೇಳುತ್ತಲೇ ಗೋಡೆಗೆ ಒರಗಿಸಿದ್ದ ನಮ್ಮ ಸಲಾಕೆಯನ್ನೇ ಎತ್ತಿಕೊಂಡು ಅಕ್ಕನ ತಲೆಗೆ ಬೀಸಿದ.

ಆ ಸದ್ದನ್ನು ನಾನು ಬರೆಯಲಾರೆ. ಅಕ್ಕ ಗೋಡೆಗೆ ಬಡಿದು ಜಾರಿದರು. ರಾಜಣ್ಣ ಮೆಟ್ಟಿಲ ಬಾಯಲ್ಲಿ ಡ್ರೈವರುಗಳಿಗೆ ಅಡ್ಡ ಬಿದ್ದರು. ಆ ಇಬ್ಬರೂ ರಾಜಣ್ಣನನ್ನು ಕಾಲಿನಲ್ಲಿ ಒದೆಯುತ್ತಿದ್ದರು. ಅಕ್ಕನ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಎರಡನೆಯ ಏಟಿಗೆ ಅವರು ಬಲಗೈ ಅಡ್ಡ ಕೊಟ್ಟರು. ಮೂಳೆ ಮುರಿದದ್ದು ನನಗೆ ಕಾಣಿಸಿತು. ಕೈ ಇರಬಾರದ ಕಡೆ ಬಾಗಿತು. ಮೂರನೆಯ ಏಟಿಗೆ ಅವನು ತೋಳೆತ್ತಿದಾಗ ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ತಮ್ಮ ಸುತ್ತಿಗೆಯನ್ನು ಎಡಗೈಯಲ್ಲಿ ಎಳೆದು ಬೀಸಿದರು. ಅವನ ಮಣಿಕಟ್ಟಿಗೆ ಬಿತ್ತು. ಸಲಾಕೆ ನೆಲದ ಮೇಲೆ ಠಣ್ಣೆಂದಿತು. ಆಗ ಅವನು ಮೊದಲ ಸಲ ಕಿರುಚಿದ. ಅಕ್ಕ ಅವನ ಮೇಲೆ ಬಿದ್ದು, ಮೊಣಕಾಲನ್ನು ಅವನ ಎದೆಗೆ ಊರಿದರು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

"ನೋಡ್ತಾ ನಿಂತಿದೀಯಲ್ಲೇ!" ಅಕ್ಕ ಕೂಗಿದರು. "ಇನ್ನೆರಡು ಮೊಳೆ ಅವೆ! ಎಬ್ಸು!"

ರಾಜಣ್ಣನ ಸ್ಕ್ರೂ ಡ್ರೈವರು, ಉಳಿ, ಸುತ್ತಿಗೆ ಅಲ್ಲೇ ಬಿದ್ದಿದ್ದವು. ಎತ್ತಿಕೊಂಡೆ. ಮೊದಲ ಏಟು ನನ್ನ ಹೆಬ್ಬೆರಳಿಗೇ ಬಿತ್ತು. ಮೂರನೆಯ ಮೊಳೆ ಎದ್ದಿತು. ನಾಲ್ಕನೆಯದು ಕೆಳಗಿನ ಕೀಲಿನದು, ಮಲಗಿ ಹೊಡೆಯಬೇಕಾಯಿತು. ನನ್ನ ಹಿಂದೆ ಯಾರೋ ಯಾರನ್ನೋ ಹೊಡೆಯುತ್ತಿದ್ದ ಸದ್ದು, ಮುದುಕಿಯ ಕೂಗು, ಬಾಗಿಲ ಆ ಕಡೆ ಹೆಂಗಸಿನ ಉಸಿರು. ಮೊಳೆ ಎದ್ದಿತು. ಸಂದಿಗೆ ಉಳಿ ಕೊಟ್ಟು ಮೀಟಿದೆ. ಒಳಗಿನಿಂದ ಅವಳು ಭುಜ ಕೊಟ್ಟು ದೂಡಿದಳು. ನಾನು ಬರೆದ ಬಾಗಿಲು ನನ್ನ ಮೇಲೆಯೇ ವಾಲಿಕೊಂಡಿತು.

ಅವಳ ತಲೆಗೂದಲನ್ನು ಅಡ್ಡಾದಿಡ್ಡಿ ಕತ್ತರಿಸಿದ್ದರು. ಯಾರ ಕಡೆಗೂ ನೋಡದೆ, ಬಿದ್ದವರನ್ನು ದಾಟಿಕೊಂಡು, ಮೆಟ್ಟಿಲು ಇಳಿದಳು. ಡ್ರೈವರುಗಳು ಅವಳನ್ನು ಕಂಡು ಹಿಂದಕ್ಕೆ ಸರಿದರು; ಒಳಗೆ ಯಾರಿದ್ದರೆಂದು ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅವರಲ್ಲೊಬ್ಬ ರಾಜಣ್ಣನನ್ನು ಎತ್ತಿ ಕೂರಿಸಿದ. ಅಕ್ಕನನ್ನು ಹಿಡಿದುಕೊಂಡು ಹೊರಗೆ ಹೋಗಿ ನೋಡಿದರೆ ಅವಳು ಲಗೇಜ್ ಆಟೋದ ಹಿಂದೆ ಹತ್ತಿ ಕೂತಿದ್ದಳು. "ಕಾಲಿಗೆ ಹಾಕ್ಕೊಳ್ಳೋಕೆ ಏನೂ ಇಲ್ಲ," ಎಂದಳು. ನನ್ನ ಚಪ್ಪಲಿ ಬಿಚ್ಚಿ ಕೊಟ್ಟೆ.

ಅಕ್ಕ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದರು. ಎಡಗಿವಿ ಹೋಯಿತು. ಬಲಗೈಯನ್ನು ಜೋಡಿಸಿದರೂ ಅದು ಮತ್ತೆ ಮೇಲೆ ಏಳಲಿಲ್ಲ. ನಾವು ಪೊಲೀಸರಿಗೆ ಕೊಟ್ಟ ದೂರಿಗೆ ಎದುರಾಗಿ ಅವನೂ ದೂರು ಕೊಟ್ಟಿದ್ದ: ಮನೆಗೆ ನುಗ್ಗಿದರು, ಕೈ ಮುರಿದರು, ಹೆಂಡತಿಗೆ ತಲೆ ಸರಿಯಿಲ್ಲ, ಅವಳ ಒಳ್ಳೆಯದಕ್ಕೇ ಕೂಡಿಹಾಕಿದ್ದು ಎಂದು. ಕೋಣೆಯ ಡ್ರಾಯಿಂಗು ಬೇಕು ಎಂದು ಪೊಲೀಸರು ನನ್ನನ್ನು ಕೇಳಿದರು. ಅದರಲ್ಲಿ ಅವನು ಹೇಳಿದ ಪ್ರತಿಯೊಂದು ಮಾತನ್ನೂ ನಾನು ಬರೆದುಕೊಂಡಿದ್ದೆ: ತಾಯಿಯವರ ಕೋಣೆ, ಹುಕ್ಕು ಬೇಡ, ಕನ್ನಡಿ ಬೇಡ, ಚಿಲಕ ಹೊರಗೆ. ಕೆಳಗೆ ನನ್ನ ರುಜು.

ಅಪ್ಪ ಕೈ ಮುಗಿದರು. "ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕಲ್ಲಮ್ಮ. ಜೈಲು ಕಟ್ಕೊಟ್ಟೋಳು ಅಂತಾರೆ. ಆ ಪೇಪರ್ ಕಳೆದೋಯ್ತು ಅನ್ನು."

ನಾಲ್ಕು ದಿನ ಅದನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೆ. ಹರಿದು ಹಾಕೋಣ ಎಂದು ಎರಡು ಸಲ ತೆಗೆದಿದ್ದೆ, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಗೆ ಹೋಗಿ ಅಕ್ಕನನ್ನು ಕೇಳಿದೆ. ಅವರು ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ, "ನಿನ್ ರುಜು. ನೀನೇ ನೋಡ್ಕೊ," ಎಂದರು.

ಐದನೆಯ ದಿನ ಠಾಣೆಗೆ ಹೋಗಿ ಕೊಟ್ಟೆ. "ಇದನ್ನ ಮಾಡಿದ್ಯಾರು?" ಎಂದು ಬರೆದುಕೊಳ್ಳುತ್ತಿದ್ದವರು ಕೇಳಿದರು. "ನಾನು." "ಏನ್ ಕೆಲ್ಸ ನಿಂದು?" "ಇಂಟೀರಿಯರ್ ಡಿಸೈನರ್," ಎಂದೆ. ಆ ಮಾತನ್ನು ಹೆಮ್ಮೆಯಿಂದ ಹೇಳಬೇಕೆಂದು ಮೂರು ವರ್ಷ ಕನಸು ಕಂಡಿದ್ದೆ. ತಲೆ ತಗ್ಗಿಸಿ ಹೇಳಿದೆ.

ಆ ಕೇಸು ವರ್ಷಗಟ್ಟಲೆ ನಡೆಯಿತು. ಕೊನೆಗೆ ಅವನಿಗೆ ಶಿಕ್ಷೆಯಾಯಿತು. ಈಗ ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಅವನು ಕೊಟ್ಟ ಕೇಸು ಬಿದ್ದುಹೋಯಿತು. ಅವನ ಹೆಂಡತಿ ಹಾಗಲವಾಡಿಯಲ್ಲಿ ತನ್ನ ಅಕ್ಕನ ಜೊತೆಗಿದ್ದು, ಹತ್ತಿರದ ಊರಿನ ಆಸ್ಪತ್ರೆಯೊಂದರಲ್ಲಿ ಮತ್ತೆ ನರ್ಸ್ ಆಗಿದ್ದಾಳೆ. ನಮ್ಮ ಅಕ್ಕ ಅಂಗಡಿಯನ್ನು ರಾಜಣ್ಣನಿಗೆ ಬಿಟ್ಟು ಕುಣಿಗಲ್ಲಿಗೆ ಹೋದರು. ನಾನು ತುಮಕೂರಿನಲ್ಲಿ ಒಂದು ಚಿಕ್ಕ ಆಫೀಸು ಮಾಡಿಕೊಂಡಿದ್ದೇನೆ. ಯಾರ ಮೇಲೂ ಕೈ ಎತ್ತುವುದಿಲ್ಲ. ಯಾರ ಮನೆಯ ಕೆಲಸವೇ ಆಗಲಿ, ಪ್ರತಿ ಕೋಣೆಯಲ್ಲಿ ಮಲಗುವವರನ್ನು ಕರೆದು ಕೂರಿಸಿಕೊಂಡು ಮಾತಾಡದೆ ಪೆನ್ಸಿಲ್ ಹಿಡಿಯುವುದಿಲ್ಲ. ಇದರಿಂದ ಕೆಲವು ಕೆಲಸ ತಪ್ಪಿಯೂ ಹೋಗಿವೆ.

ಅಕ್ಕನ ಬಗ್ಗೆ ಕೇಳಿದವರಿಗೆ ನಾನು ಕೋರ್ಟಿನ ಒಂದು ದಿನದ ಸಂಗತಿ ಹೇಳುತ್ತೇನೆ. ಬೆಳಿಗ್ಗೆ ನನ್ನ ಸಾಕ್ಷಿ ಮುಗಿದಿತ್ತು. ಅವನ ಕಡೆಯ ವಕೀಲರು, ನಿಮ್ಮ ಯಜಮಾನಿ ನಿಮಗೆ ಹೊಡೆದಿದ್ದಾರೆಯೇ ಎಂದು ಕೇಳಿದಾಗ ನಾನು ಹೌದು ಎಂದಿದ್ದೆ. ಪ್ರಮಾಣ ಮಾಡಿ ಬೇರೆ ಏನು ಹೇಳಲಿ? ಮಧ್ಯಾಹ್ನ ಅಕ್ಕನ ಸರದಿ. ವಕೀಲರು ಎಡಗಡೆ ನಿಂತಿದ್ದರು. "ಈ ಕಡೆ ಬಂದು ಕೇಳಿ ಸ್ವಾಮಿ," ಎಂದರು ಅಕ್ಕ. "ಆ ಕಿವೀನ ನಿಮ್ ಪಾರ್ಟಿ ಹೊಡ್ದಾಕವ್ನೆ."

ವಕೀಲರು ಬಲಗಡೆಗೆ ಬಂದರು.

"ನೀವು ಬಹಳ ಸಿಟ್ಟಿನ ಹೆಂಗಸು, ಅಲ್ಲವೇ?"

"ಹೂಂ ಸ್ವಾಮಿ."

"ನಿಮ್ಮ ಬಡಗಿಯ ತೊಡೆಗೆ ಉಳಿ ಎಸೆದಿದ್ದೀರಿ."

"ಎಸ್ದಿದೀನಿ."

"ಅಲ್ಲಿ ಕೂತಿರುವ ಹುಡುಗಿಗೂ ಹೊಡೆದಿದ್ದೀರಿ."

ಅಕ್ಕ ತಿರುಗಿ ನನ್ನನ್ನು ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಹೊಡ್ದಿದೀನಿ. ತಪ್ಪಾಯ್ತು. ಅವ್ಳಿಗೆ ಹೊಡೆದಿದ್ದೂ ತಪ್ಪು, ರಾಜಣ್ಣಂಗೆ ಮಾಡಿದ್ದೂ ತಪ್ಪು. ಬರ್ಕೊಳಿ."

"ಹಾಗಾದರೆ ಅವತ್ತೂ ಹಾಗೇ ಸಿಟ್ಟು ಬಂತು. ಸಿಟ್ಟಿನ ಭರದಲ್ಲಿ ಬಾಗಿಲು ಕಿತ್ತಿರಿ, ನನ್ನ ಕಕ್ಷಿದಾರರ ಕೈ ಮುರಿದಿರಿ. ಸರಿಯೇ?"

ಅಕ್ಕ ಜೋತುಬಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಕಟಕಟೆಯ ಮೇಲೆ ಇಟ್ಟುಕೊಂಡರು.

"ಇಲ್ಲ ಸ್ವಾಮಿ," ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಸಿಟ್ಟು ಬಂದ್ರೆ ನಂಗೆ ಮುಂದಿರೋದು ಏನೂ ಕಾಣಲ್ಲ. ಅವತ್ತು ಎಲ್ಲಾ ಕಾಣ್ತಿತ್ತು. ಅವ್ನು ಸಲಾಕೆ ಎತ್ತಿದ್ದು ಕಾಣ್ತು, ಈ ಹುಡುಗಿ ನಡುಗ್ತಿದ್ದಿದ್ದು ಕಾಣ್ತು, ಮೊಳೆ ಎರಡು ಉಳ್ದಿದ್ದು ಕಾಣ್ತು. ಅವತ್ತು ನಂಗೆ ಸಿಟ್ಟೇ ಬರ್ಲಿಲ್ಲ. ಭಯ ಆಗಿತ್ತು."

ವಕೀಲರು ಕೂತರು. ನ್ಯಾಯಾಧೀಶರು ಮೆಲ್ಲಗೆ ಹೇಳಿ ಬರೆಸಿದರು: 'ಸಾಕ್ಷಿಗೆ ಸಿಟ್ಟು ಬಂದಿರಲಿಲ್ಲ. ಭಯವಾಗಿತ್ತು.' ಅದನ್ನು ಓದಿ ಹೇಳಿದಾಗ ಅಕ್ಕ ತಲೆಯಾಡಿಸಿ, ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸುತ್ತಾ ತಮ್ಮ ಹೆಸರು ಬರೆದರು.